ಹುದುಗಿಟ್ಟ ಗಡಿಗೆ, ಹಗೇವಿನ ದೀಪ

ಕನ್ನಡದಲ್ಲಿ ‘ಹುದುಗು’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಮರೆಯಾಗಿರುವುದು, ಅಡಗಿರುವುದು ಎಂಬುದು ಒಂದು. ಹಿಟ್ಟು ಉಬ್ಬಿ ಹುಳಿಯಾಗುವುದು, ರಸವು ಗುಳ್ಳೆಯೆದ್ದು ಮದ್ಯವಾಗುವುದು ಇನ್ನೊಂದು. ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ನನಗೆ ಈ ಎರಡು ಅರ್ಥಗಳು ಒಂದೇ ಪದದಲ್ಲಿ ಕೂಡಿರುವುದು ಬಹಳ ಉಚಿತವೆನಿಸುತ್ತದೆ. ಹುದುಗುವ ಕ್ರಿಯೆ ಕಣ್ಣಿಗೆ ಕಾಣದಂತೆ ಆರಂಭವಾಗುತ್ತದೆ. ಕಾಣದಿರುವುದೇ ಅದನ್ನು ಕಾಯುವವರ ಆತಂಕಕ್ಕೆ ಮೂಲ.

ಈ ವಿಷಯ ಬರೆಯಲು ಒಂದು ನಿಮಿತ್ತವೂ ಒದಗಿತು. ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಆ ದೇಶದಲ್ಲಿ ಮನೆಯ ಬಳಕೆಗಾಗಿ ಮದ್ಯ ತಯಾರಿಸಿಕೊಳ್ಳುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ಅವನು ಜೇನುತುಪ್ಪಕ್ಕೆ ನೀರು ಬೆರೆಸಿ, ಹುದುಗು ಹಾಕಿ, ಗಾಜಿನ ಭರಣಿಯಲ್ಲಿ ಇಟ್ಟಿದ್ದನಂತೆ. “ಸರ್, ಎರಡು ದಿನ ಆತು, ಒಂದ ಗುಳ್ಳಿನೂ ಎದ್ದಿಲ್ಲ. ಕೆಟ್ಟ ಹೋತೇನ್ರಿ?” ಎಂಬುದು ಅವನ ಪ್ರಶ್ನೆ. ನಾನು ಮದ್ಯ ಮುಟ್ಟಿದವನಲ್ಲ. ಆದರೂ ಆ ಪ್ರಶ್ನೆಯಲ್ಲಿದ್ದ ತಳಮಳ ನನಗೆ ಪರಿಚಿತವಾದದ್ದೇ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ನಮ್ಮ ಸೀಮೆಯಲ್ಲಿ ಅಂಬಲಿಯ ಗಡಿಗೆಯ ಮುಂದೆ ಕೂತ ಹೆಣ್ಣುಮಕ್ಕಳೂ ಆಸವದ ಮಡಕೆಯ ಮುಂದೆ ಕೂತ ವೈದ್ಯರೂ ಇದೇ ತಳಮಳವನ್ನು ನೂರಾರು ವರ್ಷ ಅನುಭವಿಸಿದ್ದಾರೆ. ಅದಕ್ಕೆ ಉತ್ತರಗಳನ್ನೂ ಕಂಡುಕೊಂಡಿದ್ದಾರೆ.

ಮೊದಲು ಜೇನಿನ ಮಾತು. ಇಂಗ್ಲಿಷರು ಜೇನಿನ ಮದ್ಯವನ್ನು ‘ಮೀಡ್’ ಎನ್ನುತ್ತಾರೆ. ನಮ್ಮ ಸಂಸ್ಕೃತದ ‘ಮಧು’, ಗ್ರೀಕರ ‘ಮೆಥು’, ಇಂಗ್ಲಿಷರ ‘ಮೀಡ್’ ಮೂರೂ ಒಂದೇ ಬೇರಿನಿಂದ ಒಡೆದ ಚಿಗುರುಗಳೆಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಒಂದೇ ಪದ ಒಂದೆಡೆ ಜೇನೆಂದೂ ಇನ್ನೊಂದೆಡೆ ಮದ್ಯವೆಂದೂ ಅರ್ಥ ಕೊಡುವುದರಿಂದ ಈ ಪೇಯದ ಪ್ರಾಚೀನತೆ ತಿಳಿಯುತ್ತದೆ. ನಮ್ಮ ‘ಜೇನು’ ಮಾತ್ರ ದ್ರಾವಿಡ ಕುಲದ್ದು. ತಮಿಳಿನ ‘ತೇನ್’, ತೆಲುಗಿನ ‘ತೇನೆ’ ಅದರ ಒಡಹುಟ್ಟುಗಳು.

ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ಹೇಳುವ ಅಧ್ಯಾಯವೊಂದಿದೆ. ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು ಎಂಬ ಆರು ಬಗೆಗಳನ್ನು ಅಲ್ಲಿ ಎಣಿಸಲಾಗಿದೆ. ಸೋಜಿಗವೆಂದರೆ ಆ ಗ್ರಂಥದಲ್ಲಿ ‘ಮಧು’ ಎಂದರೆ ದ್ರಾಕ್ಷಾರಸದ ಮದ್ಯ. ಜೇನು ಸೇರುವುದು ಆಸವಕ್ಕೆ. ಬೇಲದ ಹಣ್ಣು 1 ತುಲೆ, ಕಾಕಂಬಿಯಂಥ ಫಾಣಿತ 5 ತುಲೆ, ಜೇನು 1 ಪ್ರಸ್ಥ ಎಂಬುದು ಅದರ ಅಳತೆ. ಇದಕ್ಕಿಂತ ಗಮನಾರ್ಹವಾದ ಇನ್ನೊಂದು ಮಾತು ಅಲ್ಲಿದೆ. ಮದ್ಯದ ವ್ಯವಹಾರವನ್ನೆಲ್ಲ ರಾಜ್ಯದ ಹಿಡಿತಕ್ಕೆ ತಂದ ಕೌಟಿಲ್ಯನು ಗೃಹಸ್ಥರಿಗೆ ಮಾತ್ರ ಒಂದು ಬಾಗಿಲನ್ನು ತೆರೆದಿಟ್ಟ. ಶುಭಕಾರ್ಯಗಳಲ್ಲಿ ಬಿಳಿಯ ಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ಮನೆಯಲ್ಲಿ ಮಾಡಿಕೊಳ್ಳಬಹುದೆಂದ. ಉತ್ಸವ, ಸಮಾಜ, ಯಾತ್ರೆಗಳಲ್ಲಿ ನಾಲ್ಕು ದಿನಗಳ ರಿಯಾಯಿತಿಯನ್ನೂ ಕೊಟ್ಟ. ಮನೆಯ ಗಡಿಗೆಗೂ ಅರಸನ ಬೊಕ್ಕಸಕ್ಕೂ ನಡುವಣ ಜಗ್ಗಾಟ ಅಂದಿನಿಂದಲೇ ಇದೆಯೆಂದು ಇದರಿಂದ ತಿಳಿಯುತ್ತದೆ.

ನಮ್ಮ ಸೀಮೆಯ ಇತಿಹಾಸದಲ್ಲಿ ಜೇನಿಗೂ ಮದ್ಯಕ್ಕೂ ಸಂದ ಗೌರವ ಒಂದೇ ಬಗೆಯದಲ್ಲ. ಸವದತ್ತಿಯು ಸುಗಂಧವರ್ತಿ ಎಂಬ ಹೆಸರಿನಿಂದ ರಟ್ಟರ ರಾಜಧಾನಿಯಾಗಿತ್ತು. 13ನೆಯ ಶತಮಾನದ ಆದಿಯಲ್ಲಿ ಅವರು ವೇಣುಗ್ರಾಮಕ್ಕೆ, ಅಂದರೆ ಇಂದಿನ ಬೆಳಗಾವಿಗೆ, ರಾಜಧಾನಿಯನ್ನು ಒಯ್ದರು. ರಟ್ಟರು ಜೈನ ಬಸದಿಗಳಿಗೆ ದತ್ತಿ ಬಿಟ್ಟ ಸಂಗತಿ ಸವದತ್ತಿಯ ಶಾಸನಗಳಲ್ಲಿದೆ. ಜೈನ ಶ್ರಾವಕನ ಮೂಲವ್ರತಗಳಲ್ಲಿ ಮದ್ಯ, ಮಾಂಸ, ಮಧು ಈ ಮೂರರ ತ್ಯಾಗ ಮೊದಲನೆಯದು. ಹಾಗಾಗಿ ಆ ಮನೆಗಳಲ್ಲಿ ಜೇನು ಕೂಡ ವರ್ಜ್ಯವಾಯಿತು. ಇತ್ತ 12ನೆಯ ಶತಮಾನದ ಶರಣರ ಸಮೂಹದಲ್ಲಿ ಹೆಂಡದ ಮಾರಯ್ಯನೆಂಬ ವಚನಕಾರನಿದ್ದ. ಹೆಂಡ ಮಾರುವುದು ಅವನ ಕಾಯಕವಾಗಿತ್ತು. ತನ್ನ ಕಸುಬಿನ ಮಾತುಗಳನ್ನೇ ಅವನು ವಚನಗಳಲ್ಲಿ ರೂಪಕವಾಗಿಸಿಕೊಂಡ. ಒಂದೇ ನೆಲದಲ್ಲಿ ಜೇನನ್ನೂ ತೊರೆದವರಿದ್ದರು, ಹೆಂಡದ ಗಡಿಗೆಯ ಪಕ್ಕದಲ್ಲೇ ಅನುಭಾವವನ್ನು ಕಂಡವರೂ ಇದ್ದರು. ಇವರಿಬ್ಬರನ್ನೂ ಮರೆತು ನಮ್ಮ ಇತಿಹಾಸ ಬರೆಯುವಂತಿಲ್ಲ.

ಇನ್ನು ಕಾಯುವ ವಿದ್ಯೆಗೆ ಬರೋಣ. ಅದು ಶಾಸ್ತ್ರವಾಗಿ ಬೆಳೆದದ್ದು ಆಯುರ್ವೇದದಲ್ಲಿ. ಔಷಧಿಯನ್ನು ಕುದಿಸದೆ ತಣ್ಣೀರಿನಲ್ಲಿಟ್ಟು ಹುದುಗಿಸಿದರೆ ಆಸವ, ಕಷಾಯ ಮಾಡಿ ಹುದುಗಿಸಿದರೆ ಅರಿಷ್ಟ ಎಂದು ಶಾರ್ಙ್ಗಧರ ಸಂಹಿತೆ ಭೇದವನ್ನು ಹೇಳುತ್ತದೆ. ಪ್ರಮಾಣ ಹೇಳದಿದ್ದಲ್ಲಿ ಒಂದು ದ್ರೋಣ ದ್ರವಕ್ಕೆ ಒಂದು ತುಲೆ ಬೆಲ್ಲ, ಬೆಲ್ಲದ ಅರ್ಧದಷ್ಟು ಜೇನು, ಹತ್ತನೆಯ ಒಂದು ಭಾಗ ಮೇಲುಪುಡಿ ಎಂಬುದು ಅದರ ಸೂತ್ರ. ಇಂದಿನ ಔಷಧ ತಯಾರಕರ ಲೆಕ್ಕದಲ್ಲಿ ಇದು ಸುಮಾರು 12 ಲೀಟರ್ ದ್ರವ, 4.8 ಕಿಲೋ ಬೆಲ್ಲ, 2.4 ಕಿಲೋ ಜೇನು ಆಗುತ್ತದೆ. ಚರಕ ಸಂಹಿತೆಯಲ್ಲಿ ‘ಮಧ್ವಾಸವ’ ಎಂಬ ಹೆಸರಿನ, ಜೇನೇ ಪ್ರಧಾನವಾದ ಔಷಧವೂ ಇದೆ. ನನ್ನ ವಿದ್ಯಾರ್ಥಿಯ ಭರಣಿಗೆ ನಮ್ಮ ನಾಡಿನಲ್ಲಿ ಅತ್ಯಂತ ಹತ್ತಿರದ ಬಂಧು ಇದೇ.

ನಾನು ಹುಡುಗನಾಗಿದ್ದಾಗ ನಮ್ಮ ಓಣಿಯಲ್ಲಿ ಒಬ್ಬ ವೃದ್ಧ ವೈದ್ಯರಿದ್ದರು. ಅವರ ಪಡಸಾಲೆಯಲ್ಲಿ ಆಸವದ ಮಡಕೆ ಸಿದ್ಧವಾಗುವುದನ್ನು ನೋಡಿದ್ದೇನೆ. ಮಡಕೆಯ ಒಳಮೈಗೆ ತುಪ್ಪ ಸವರಿ ಧೂಪದ ಹೊಗೆ ಹಿಡಿಯುತ್ತಿದ್ದರು. ಕಷಾಯ ಪೂರ್ತಿ ಆರಿದ ಮೇಲೆಯೇ ಬೆಲ್ಲ ಕರಗಿಸಿ ಜೇನು ಹಾಕುತ್ತಿದ್ದರು. ಜೇನನ್ನು ಬಿಸಿಮಾಡಬಾರದೆಂಬುದು ಆಯುರ್ವೇದದ ಕಟ್ಟಳೆ. ಕೊನೆಯಲ್ಲಿ ಧಾತಕಿಯ ಒಣಗಿದ ಕೆಂಪು ಹೂಗಳನ್ನು ಹಾಕಿ, ಮಡಕೆಯ ಕಾಲು ಭಾಗ ಬರಿದಾಗಿಯೇ ಬಿಟ್ಟು, ಬಾಯಿಗೆ ಅರಿವೆ ಸುತ್ತಿ ಮಣ್ಣು ಮೆತ್ತಿ, ಜೋಳದ ರಾಶಿಯೊಳಗೆ ಹೂತಿಡುತ್ತಿದ್ದರು. ಹದಿನೈದು ದಿನ, ಕೆಲವೊಮ್ಮೆ ತಿಂಗಳು, ಆ ಮಡಕೆಯನ್ನು ಕದಲಿಸುವಂತಿರಲಿಲ್ಲ.

ಈ ಒಂದೊಂದು ಕಟ್ಟಳೆಗೂ ಕಾರಣವಿದೆಯೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಧಾತಕಿಯ ಹೂವಿನ ಮಕರಂದದಲ್ಲಿ ಕಾಡುಹುದುಗಿನ ಸೂಕ್ಷ್ಮಜೀವಿಗಳು, ಅಂದರೆ ಯೀಸ್ಟ್, ಇರುತ್ತವೆ. ಹೂವಿನ ಒಗರು ಬೇಡದ ಜೀವಿಗಳನ್ನು ಹತ್ತಿಕ್ಕಲು ನೆರವಾಗುತ್ತದೆ. ಬಿಸಿ ಕಷಾಯಕ್ಕೆ ಹೂ ಹಾಕಿದರೆ ಯೀಸ್ಟ್ ಸತ್ತುಹೋಗುತ್ತದೆ. ಧಾನ್ಯದ ರಾಶಿಯು ಹಗಲಿನ ಬಿಸಿಲನ್ನೂ ಇರುಳಿನ ಚಳಿಯನ್ನೂ ತಡೆದು ಒಂದೇ ಸಮನಾದ ಬೆಚ್ಚನೆಯನ್ನು ಕಾಯ್ದುಕೊಳ್ಳುತ್ತದೆ. ಉಷ್ಣಮಾಪಕವಿಲ್ಲದ ಕಾಲದಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ಇರಲಾರದು.

ಹಾಗಾದರೆ ಒಳಗೆ ಕೆಲಸ ನಡೆದಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ವೈದ್ಯರು ಮಡಕೆಗೆ ಕಿವಿಗೊಟ್ಟು ಆಲಿಸುತ್ತಿದ್ದರು. ಸಣ್ಣಗೆ ಕುದಿಯುವಂಥ ಸಪ್ಪಳ ಕೇಳಿಸಿದರೆ ಹುದುಗು ಹಿಡಿದಿದೆಯೆಂದು ಅರ್ಥ. ಸಪ್ಪಳ ನಿಂತ ಮೇಲೆ, ಬಾಯಿ ತೆರೆದು ಉರಿಯುವ ಕಡ್ಡಿಯನ್ನು ಒಳಗೆ ಹಿಡಿಯುತ್ತಿದ್ದರು. ಕಡ್ಡಿ ನಂದಿದರೆ ಇನ್ನೂ ಆಗಿಲ್ಲ, ಮತ್ತೆ ಮುಚ್ಚಬೇಕು. ಕಡ್ಡಿ ಉರಿಯುತ್ತಲೇ ಇದ್ದರೆ ಆಸವ ಸಿದ್ಧವಾಗಿದೆ. ತೇಲುತ್ತಿದ್ದ ಪುಡಿ ತಳಕ್ಕಿಳಿಯುವುದು ಇನ್ನೊಂದು ಗುರುತು. ಇಂದಿಗೂ ಆಯುರ್ವೇದದ ಪಠ್ಯಗಳಲ್ಲಿ ಈ ಪರೀಕ್ಷೆಗಳನ್ನು ಕಲಿಸುತ್ತಾರೆ.

ಜೇನಿನ ವಿಷಯದಲ್ಲಿ ಕಾಯುವಿಕೆ ಇನ್ನೂ ದೀರ್ಘವಾಗುತ್ತದೆ. ಜೇನಿನಲ್ಲಿ ನೂರಕ್ಕೆ ಸುಮಾರು 80 ಪಾಲು ಸಕ್ಕರೆ, 17-18 ಪಾಲು ಮಾತ್ರ ನೀರು. ಅಷ್ಟು ಗಟ್ಟಿಯಾದ ಸಕ್ಕರೆಯಲ್ಲಿ ಸೂಕ್ಷ್ಮಜೀವಿಗಳು ಬದುಕಲಾರವು. ಆದ್ದರಿಂದಲೇ ಜೇನು ವರ್ಷಗಟ್ಟಲೆ ಕೆಡುವುದಿಲ್ಲ. ನೀರು ಬೆರೆಸಿದ ಮೇಲೆಯೂ ಯೀಸ್ಟ್ ಬೆಳೆಯಲು ಬೇಕಾದ ಸಾರಜನಕದ ಪೋಷಕಾಂಶಗಳು ಅದರಲ್ಲಿ ಬಹಳ ಕಡಿಮೆ. ಹಣ್ಣಿನ ರಸ ಒಂದು ದಿನದಲ್ಲಿ ನೊರೆಯೆದ್ದರೆ ಜೇನಿನ ನೀರು ಎರಡು ಮೂರು ದಿನ ಸುಮ್ಮನಿರುವುದು ಸಹಜ. ಆ ಮೌನದ ದಿನಗಳಲ್ಲಿ ಯೀಸ್ಟ್ ಸತ್ತಿರುವುದಿಲ್ಲ, ತನ್ನ ಸಂತತಿಯನ್ನು ಬೆಳೆಸಿಕೊಳ್ಳುತ್ತಿರುತ್ತದೆ. ನನ್ನ ವಿದ್ಯಾರ್ಥಿಗೆ ಇದನ್ನೇ ಹೇಳಿದೆ. ಭರಣಿಯ ಬಾಯಿಯನ್ನು ಬಿಗಿಯಾಗಿ ಮುಚ್ಚಬೇಡವೆಂದೂ ಎಚ್ಚರಿಸಿದೆ. 100 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಲೆಕ್ಕದ ಪ್ರಕಾರ ಸುಮಾರು 51 ಗ್ರಾಂ ಮದ್ಯಸಾರವೂ 49 ಗ್ರಾಂ ಇಂಗಾಲದ ಡೈಆಕ್ಸೈಡೂ ಹುಟ್ಟುತ್ತವೆ. ಒಂದು ಕಿಲೋ ಜೇನಿನಿಂದ ಹೊರಡುವ ಅನಿಲ 200 ಲೀಟರಿನಷ್ಟಾಗುತ್ತದೆ. ದಾರಿ ಕೊಡದಿದ್ದರೆ ಅದು ಗಾಜನ್ನೇ ಸಿಡಿಸೀತು.

ಈ ಅನಿಲವೇ ನನ್ನನ್ನು ಹಗೇವಿನ ಕಡೆಗೆ ಕರೆದೊಯ್ಯುತ್ತದೆ. ಹಗೇವು ಎಂದರೆ ನೆಲದೊಳಗಿನ ಧಾನ್ಯದ ಕಣಜ. ಎರೆಯ ಸೀಮೆಯ ನಮ್ಮ ಹಳ್ಳಿಗಳಲ್ಲಿ ಮನೆಯ ಮುಂದೆ, ಓಣಿಯ ನಡುವೆ, ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ ಬಿಟ್ಟು, ಒಳಗೆ ಗುಡಾಣದಂತೆ ಅಗಲವಾಗಿ ಅಗೆದ ಹಗೇವುಗಳಿದ್ದವು. ತಳಕ್ಕೂ ಗೋಡೆಗೂ ಕಣಿಕೆ, ಹೊಟ್ಟು ಒತ್ತಿ, ಜೋಳ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಹಾಕುತ್ತಿದ್ದರು. ಹೊರಗಿನ ಗಾಳಿ ಸುಳಿಯದ ಆ ಹೊಟ್ಟೆಯಲ್ಲಿ ಕಾಳು ತಾನೇ ಉಸಿರಾಡಿ ಆಮ್ಲಜನಕವನ್ನು ಕಳೆದು ಇಂಗಾಲದ ಡೈಆಕ್ಸೈಡನ್ನು ತುಂಬುತ್ತದೆ. ಹುಳು ಹುಪ್ಪಟೆ ಅದರಲ್ಲಿ ಬದುಕವು. ಬರಗಾಲಕ್ಕೆಂದು ಕೂಡಿಟ್ಟ ಜೋಳ ವರ್ಷಗಳವರೆಗೆ ಉಳಿಯುತ್ತಿದ್ದುದು ಹೀಗೆ.

ಆದರೆ ಹುಳುವನ್ನು ಕೊಲ್ಲುವ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಬಾಯಿ ತೆರೆದರೂ ಅದು ತಳದಲ್ಲಿಯೇ ಮಲಗಿರುತ್ತದೆ. ಹಗೇವಿನ ಬಾಯಿ ತೆಗೆದೊಡನೆ ಇಳಿದವರು ಮೇಲೆ ಬಾರದೆ, ಅವರನ್ನು ಎತ್ತಲು ಇಳಿದವರೂ ಅಲ್ಲಿಯೇ ಉಳಿದ ದುರಂತಗಳು ಉತ್ತರ ಕರ್ನಾಟಕದ ಹಳ್ಳಿಗಳ ನೆನಪಿನಲ್ಲಿವೆ. ಅದಕ್ಕಾಗಿ ಹಿರಿಯರು ಒಂದು ನಿಯಮ ಮಾಡಿದ್ದರು. ಬಾಯಿ ತೆರೆದು ಬಹಳ ಹೊತ್ತು ಹಾಗೆಯೇ ಬಿಡಬೇಕು. ಆಮೇಲೆ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡಬೇಕು. ದೀಪ ನಂದಿದರೆ ಯಾರೂ ಇಳಿಯಕೂಡದು. ವೈದ್ಯರ ಮಡಕೆಯ ಕಡ್ಡಿಯೂ ರೈತನ ಹಗೇವಿನ ಕಂದೀಲೂ ಕೇಳುತ್ತಿದ್ದ ಪ್ರಶ್ನೆ ಒಂದೇ. ಮಡಕೆಯಲ್ಲಿ ಅವಸರ ಮಾಡಿದರೆ ಔಷಧ ಕೆಡುತ್ತಿತ್ತು, ಹಗೇವಿನಲ್ಲಿ ಅವಸರ ಮಾಡಿದರೆ ಜೀವ ಹೋಗುತ್ತಿತ್ತು. ಇಂದಿನ ತಿಳಿವಳಿಕೆಯ ಒಂದು ಮಾತನ್ನು ಇಲ್ಲಿ ಸೇರಿಸಲೇಬೇಕು. ದೀಪ ಉರಿದ ಮಾತ್ರಕ್ಕೆ ಅಪಾಯವಿಲ್ಲವೆಂದು ತಿಳಿಯಬಾರದು. ದೀಪ ಉರಿಯುವಂಥ ಗಾಳಿಯೂ ಮನುಷ್ಯನಿಗೆ ಮಾರಕವಾಗಿರಬಹುದು. ಹಳೆಯ ಹಗೇವು, ಬಾವಿ, ಮಲದ ಗುಂಡಿಗಳಿಗೆ ತಕ್ಕ ಸಲಕರಣೆಯಿಲ್ಲದೆ ಇಳಿಯಲೇಬಾರದು.

ಯುರೋಪಿನಲ್ಲಿ ಈ ಅನಿಲವನ್ನು ಗುರುತಿಸಿದ ಕಥೆಯೂ ಮದ್ಯದ ಪೀಪಾಯಿಯ ಪಕ್ಕದಲ್ಲಿಯೇ ನಡೆಯಿತು. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1750ರ ದಶಕದಲ್ಲಿ ಅದನ್ನು ಬೇರೆಯಾದ ಒಂದು ವಾಯುವೆಂದು ತೋರಿಸಿದ. 1767ರಲ್ಲಿ ಲೀಡ್ಸ್ ನಗರಕ್ಕೆ ಬಂದ ಜೋಸೆಫ್ ಪ್ರೀಸ್ಟ್ಲಿಯ ಮನೆಯ ನೆರೆಯಲ್ಲಿ ಬಿಯರ್ ತಯಾರಿಸುವ ಕಾರ್ಖಾನೆಯಿತ್ತು. ಹುದುಗುವ ತೊಟ್ಟಿಗಳ ಮೇಲೆ ಉರಿಯುವ ಕಡ್ಡಿ ಹಿಡಿದರೆ ಅದು ನಂದುವುದನ್ನು ಅವನು ಕಂಡ. ಅಲ್ಲಿಂದಲೇ ಸೋಡಾ ನೀರು ಹುಟ್ಟಿತು. 1680ರಲ್ಲಿಯೇ ಲೀವೆನ್‌ಹುಕ್ ಸೂಕ್ಷ್ಮದರ್ಶಕದಲ್ಲಿ ಯೀಸ್ಟಿನ ಕಣಗಳನ್ನು ನೋಡಿದ್ದ. ಆದರೆ ಹುದುಗುವಿಕೆ ಜೀವಿಗಳ ಕೆಲಸವೆಂದು ಲೂಯಿ ಪಾಶ್ಚರ್ ಸ್ಥಾಪಿಸಿದ್ದು 1857ರ ನಂತರ. ಇದನ್ನೆಲ್ಲ ನಾನು ಪಾಠ ಮಾಡುವಾಗ ಸುಣ್ಣದ ತಿಳಿನೀರು ಹಾಲಿನಂತಾಗುವುದನ್ನು ತೋರಿಸುತ್ತಿದ್ದೆ. ಆಮೇಲೆ ಹಗೇವಿನ ಕಂದೀಲಿನ ಮಾತು ತೆಗೆದರೆ ಹಿಂದಿನ ಬೆಂಚಿನ ರೈತರ ಮಕ್ಕಳು ತಲೆಯೆತ್ತಿ ಕೇಳುತ್ತಿದ್ದರು. ಪಠ್ಯಪುಸ್ತಕದ ಅನಿಲ ಅವರ ಅಂಗಳದ್ದೇ ಎಂದು ಆಗ ಅವರಿಗೆ ಮನದಟ್ಟಾಗುತ್ತಿತ್ತು.

ಇಷ್ಟು ಹೇಳಿ ಅಂಬಲಿಯನ್ನು ಮರೆತರೆ ನಮ್ಮ ತಾಯಂದಿರಿಗೆ ಅನ್ಯಾಯವಾದೀತು. ಜೋಳದ ಹಿಟ್ಟನ್ನು ನೀರಿನಲ್ಲಿ ಕಲಸಿ ರಾತ್ರಿ ಹುಳಿಗಿಟ್ಟು, ಮರುದಿನ ಕಾಯಿಸಿ, ಆರಿದ ಮೇಲೆ ಮಜ್ಜಿಗೆ ಬೆರೆಸಿ ಕುಡಿಯುವ ಅಂಬಲಿ ಬೇಸಗೆಯ ನಮ್ಮ ಹೊಲಗಳ ಅಮೃತ. ಅದರಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಹುಳಿ ತರುವ ಬ್ಯಾಕ್ಟೀರಿಯಾ. ಮದ್ಯದ ಮಾತು ಅಲ್ಲಿಲ್ಲ. ಆದರೂ ಕಾಯುವ ವಿದ್ಯೆ ಅದೇ. ಚೈತ್ರದಲ್ಲಿ ಒಂದು ರಾತ್ರಿ ಸಾಕಾದರೆ ಪುಷ್ಯದ ಚಳಿಯಲ್ಲಿ ಒಲೆಯ ಮಗ್ಗುಲಿಗಿಟ್ಟರೂ ತಡವಾಗುತ್ತಿತ್ತು. ಹಸಿದ ಮಕ್ಕಳು ಮತ್ತೆ ಮತ್ತೆ ಮುಚ್ಚಳ ಎತ್ತಿದರೆ ನಮ್ಮ ಆಯಿ, “ತಗದ ತಗದ ನೋಡಬ್ಯಾಡ್ರೋ, ಅದಕ್ಕ ನಾಚಿಕಿ ಬರತೈತಿ” ಎನ್ನುತ್ತಿದ್ದಳು. ಮೇಲ್ಗಾಳಿಯ ಬೇಡದ ಜೀವಿಗಳು ಒಳಸೇರುತ್ತವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳ ನಾಚಿಕೆಯ ನೆವ ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿತ್ತು.

ಮನೆಯ ಮದ್ಯದ ಬಾಗಿಲು ಮುಚ್ಚಿದ್ದು ಹೇಗೆ ಎಂಬುದನ್ನೂ ಹೇಳಬೇಕು. 1824ರಲ್ಲಿ ಕಿತ್ತೂರು ಬಿದ್ದ ಮೇಲೆ, 1829ರ ಫೆಬ್ರುವರಿಯಲ್ಲಿ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ ಮೇಲೆ, ನಮ್ಮ ಸೀಮೆ ಮುಂಬಯಿ ಇಲಾಖೆಯ ಕಾಯದೆಗಳಿಗೆ ಒಳಪಟ್ಟಿತು. ರಾಮದುರ್ಗ ಮಾತ್ರ 1948ರವರೆಗೆ ಪ್ರತ್ಯೇಕ ಸಂಸ್ಥಾನವಾಗಿತ್ತು. 1878ರ ಮುಂಬಯಿ ಅಬಕಾರಿ ಕಾಯದೆ ಸಿಂದಿ, ಸಾರಾಯಿಗಳ ತಯಾರಿಕೆಯನ್ನು ಪರವಾನಗಿಯ ಕಟ್ಟಿಗೆ ತಂದಿತು. ಕೌಟಿಲ್ಯನು ಗೃಹಸ್ಥನಿಗೆ ಬಿಟ್ಟಿದ್ದ ಸಣ್ಣ ಬಾಗಿಲೂ ಮುಚ್ಚಿತು. 1949ರ ಮುಂಬಯಿ ಪಾನನಿಷೇಧ ಕಾಯದೆ ಇನ್ನೂ ಮುಂದೆ ಹೋಯಿತು. ಮದ್ಯಸಾರ ಬೆರೆತ ಔಷಧಗಳೂ ಅದರ ಬಲೆಗೆ ಬಿದ್ದವು. 1951ರಲ್ಲಿ ಬಾಲ್ಸಾರಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಔಷಧಗಳಿಗೆ ಸಂಬಂಧಿಸಿದಂತೆ ಆ ನಿರ್ಬಂಧಗಳು ಸಲ್ಲವೆಂದು ತೀರ್ಪಿತ್ತಿತು. 1955ರ ಕೇಂದ್ರದ ಕಾಯದೆಯು ತಾನಾಗಿ ಮದ್ಯಸಾರ ಹುಟ್ಟುವ, ಸಾಮಾನ್ಯ ಮದ್ಯದಂತೆ ಕುಡಿಯಲಾಗದ ಆಯುರ್ವೇದ ಔಷಧಗಳಿಗೆ ಸುಂಕದ ವಿನಾಯಿತಿ ಕೊಟ್ಟಿತು. ಆಸವ ಅರಿಷ್ಟಗಳು ಹೀಗೆ ಉಳಿದುಕೊಂಡವು. ಆದರೆ ಅವು ವೈದ್ಯರ ಪಡಸಾಲೆಯಿಂದ ಕಾರ್ಖಾನೆಯ ಸೀಸೆಗೆ ಹೋದವು. ಈಗ ನಮ್ಮ ರಾಜ್ಯದಲ್ಲಿ 1965ರ ಅಬಕಾರಿ ಕಾಯದೆಯ ಪ್ರಕಾರ ಪರವಾನಗಿಯಿಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಅಪರಾಧ. ಓದುಗರು ಈ ಲೇಖನವನ್ನು ಪಾಕವಿಧಾನವೆಂದು ತಿಳಿಯದಿರಲಿ.

ಮದ್ಯದ ಮೇಲಣ ನಿರ್ಬಂಧವನ್ನು ನಾನು ಹಳಿಯುವುದಿಲ್ಲ. ಕುಡಿತದಿಂದ ಹಾಳಾದ ಮನೆಗಳ ಮಕ್ಕಳು ನನ್ನ ತರಗತಿಯಲ್ಲಿ ಕೂತಿದ್ದರು. ಹಸಿದು ಬಂದ ಆ ಮುಖಗಳು ಇನ್ನೂ ಕಣ್ಣಮುಂದಿವೆ. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಾಗ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಪಟ್ಟ ಸಂತೋಷವನ್ನು ಕಂಡಿದ್ದೇನೆ. ನನ್ನ ಕಳವಳ ಬೇರೆ. ಕಳ್ಳಬಟ್ಟಿಗೆ ಕಾಯುವ ತಾಳ್ಮೆಯಿಲ್ಲ. ಪೊಲೀಸರು ಬರುವುದರೊಳಗೆ ಮುಗಿಯಬೇಕು, ಕುಡಿದೊಡನೆ ತಲೆಗೇರಬೇಕು. ಆ ಅವಸರಕ್ಕೆ ಕಂಡ ಕಂಡ ವಸ್ತು ಬೆರೆಸಿದ್ದರಿಂದಲೇ ನಾಡಿನಲ್ಲಿ ಎಷ್ಟೋ ಜನ ಕಣ್ಣು ಕಳೆದುಕೊಂಡರು, ಪ್ರಾಣ ಕಳೆದುಕೊಂಡರು. ಮದ್ಯ ಹೋಗುವುದಾದರೆ ಹೋಗಲಿ. ಅದರ ಜೊತೆಗೆ ಕಿವಿಗೊಟ್ಟು ಆಲಿಸುವ, ದೀಪ ಹಿಡಿದು ನೋಡುವ, ಹೊತ್ತು ಬರುವವರೆಗೆ ಕೈಕಟ್ಟಿ ಕೂರುವ ಶಿಸ್ತೂ ಹೋದರೆ ಅದು ನಷ್ಟ.

ತಾಳ್ಮೆಯೆಂದರೆ ಏನೂ ಮಾಡದೆ ಸುಮ್ಮನೆ ಕೂರುವುದೆಂದು ಹಲವರು ತಿಳಿದಿದ್ದಾರೆ. ನಮ್ಮ ವೈದ್ಯರದೂ ರೈತರದೂ ಅಂಥ ತಾಳ್ಮೆಯಾಗಿರಲಿಲ್ಲ. ಅವರಿಗೆ ಯಾವಾಗ ನೋಡಬೇಕು, ಯಾವಾಗ ನೋಡಬಾರದು, ಯಾವ ಗುರುತು ಕಂಡರೆ ಮುಂದುವರಿಯಬೇಕು ಎಂಬುದು ಗೊತ್ತಿತ್ತು. ಅದು ಗೊತ್ತಿದ್ದುದರಿಂದಲೇ ಕಾಯುವುದು ಅವರಿಗೆ ಭಾರವಾಗಲಿಲ್ಲ.

ಸಿಮೆಂಟಿನ ರಸ್ತೆ, ಕಾಂಕ್ರೀಟಿನ ಅಂಗಳಗಳು ಬಂದಂತೆ ನಮ್ಮ ಹಗೇವುಗಳು ಒಂದೊಂದಾಗಿ ಮುಚ್ಚಿಹೋಗಿವೆ. ಹಲವೆಡೆ ಅವು ಎಲ್ಲಿದ್ದವೆಂಬುದೂ ಹೊಸ ತಲೆಮಾರಿಗೆ ತಿಳಿಯದು. ನಿಮ್ಮ ಊರಿನಲ್ಲಿ ಹಗೇವು ತುಂಬಿದ, ತೆಗೆದ ಹಿರಿಯರು ಇನ್ನೂ ಇದ್ದರೆ ಅವರನ್ನು ಕೇಳಿ. ಯಾವ ತಿಂಗಳಲ್ಲಿ ಬಾಯಿ ತೆರೆಯುತ್ತಿದ್ದರು, ಎಷ್ಟು ಹೊತ್ತು ಬಿಡುತ್ತಿದ್ದರು, ಕಂದೀಲನ್ನು ಎಷ್ಟು ಆಳಕ್ಕೆ ಇಳಿಸುತ್ತಿದ್ದರು ಎಂಬುದನ್ನು ಬರೆದಿಟ್ಟುಕೊಳ್ಳಿ. ಹಾಗೆಯೇ ಮನೆಯ ಹಿರಿಯ ಹೆಣ್ಣುಮಕ್ಕಳು ಅಂಬಲಿಗೆ ಹಿಟ್ಟು ನೆನೆಯಿಡುವ ಹದವನ್ನೂ ಕೇಳಿ ಬರೆದಿಡಿ. ಇದನ್ನು ಮುಂದಿನ ವರ್ಷಕ್ಕೆಂದು ಮುಂದೂಡಬೇಡಿ.